ತಮಗಾಗಿ ಬಾರದ ಧೈರ್ಯ, ತಮ್ಮವರಿಗಾಗಿ ಬಂದಾಗ

ಬೀದರ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣದ ಸೀಮೆಯಲ್ಲಿ ಘಾಟಬೋರಾಳ ಎಂಬ ಊರಿದೆ. ಒಂದು ಕಡೆ ಶರಣರ ಕಲ್ಯಾಣ, ಇನ್ನೊಂದು ಕಡೆ ಮಾಣಿಕಪ್ರಭುಗಳ ಮಾಣಿಕನಗರ, ಅದೇ ಸೀಮೆಯಲ್ಲಿ ಘೋಡವಾಡಿಯ ದರ್ಗಾ. ಮನೆಯೊಳಗೆ ಉರ್ದು, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿಯೂ ಬೆರೆತ ಮಾತು. ಇದು ಈ ನೆಲದ ಮುಸ್ಲಿಮ್ ಕುಟುಂಬಗಳ ನಿತ್ಯದ ಬದುಕು. ಇಂಥ ಊರುಗಳ ಮನೆಗಳಲ್ಲಿ ನಾವೆಲ್ಲರೂ ಕಂಡಿರುವ ಒಂದು ಸಂಗತಿಯಿಂದ ಈ ಬರಹವನ್ನು ಆರಂಭಿಸೋಣ.

ಒಬ್ಬ ತಾಯಿ ಇದ್ದಾಳೆ ಎಂದುಕೊಳ್ಳಿ. ತಿಂಗಳುಗಳಿಂದ ಕಾಡುತ್ತಿರುವ ಎದೆನೋವನ್ನು ಆಕೆ ಯಾರಿಗೂ ಹೇಳಿಲ್ಲ. ಕೂಲಿಯಲ್ಲಿ ಹತ್ತು ರೂಪಾಯಿ ಕಡಿಮೆ ಕೊಟ್ಟರೆ ಎಣಿಸದೆ ಸೆರಗಿಗೆ ಕಟ್ಟಿಕೊಂಡು ಬರುತ್ತಾಳೆ. ತಾಲೂಕು ಕಚೇರಿಯ ಮೆಟ್ಟಿಲು ಹತ್ತಲು ಅಂಜುತ್ತಾಳೆ. ಅದೇ ತಾಯಿಯ ಮಗನ ವಿದ್ಯಾರ್ಥಿವೇತನದ ಅರ್ಜಿ ಎಲ್ಲೋ ನಿಂತುಹೋಯಿತು ಎಂದಾದರೆ, ಆಕೆ ಮುಂಜಾನೆಯ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋಗಿ, ಅಧಿಕಾರಿಯ ಮೇಜಿನ ಮುಂದೆ ನಿಂತು, ಉತ್ತರ ಸಿಗುವವರೆಗೆ ಕದಲುವುದಿಲ್ಲ. ನಡುರಾತ್ರಿಯಲ್ಲಿ ಮೊಮ್ಮಗುವಿಗೆ ಜ್ವರ ಏರಿದರೆ ಕತ್ತಲೆಯೂ ಆಕೆಗೆ ಕತ್ತಲೆಯಲ್ಲ, ದೂರವೂ ದೂರವಲ್ಲ. ಮರುದಿನ ತನ್ನ ಎದೆನೋವಿನ ಮಾತು ಬಂದಾಗ ಮತ್ತೆ ಅದೇ ಮೌನ.

ಇದನ್ನು ಏನೆಂದು ಕರೆಯೋಣ? ಆಕೆ ಧೈರ್ಯವಂತೆಯೋ ಅಂಜುಬುರುಕಿಯೋ? ತನಗಾಗಿ ಬಾರದ ಧೈರ್ಯವು ತನ್ನವರಿಗಾಗಿ ಎಲ್ಲಿಂದ ಬರುತ್ತದೆ? ಹೀಗೆ ಬರುವ ಧೈರ್ಯವು ಈಮಾನಿನ ಕೊರತೆಯ ಗುರುತೇ, ಅಥವಾ ಅದರದೇ ಒಂದು ಫಲವೇ? ಈ ಪ್ರಶ್ನೆಗೆ ಪವಿತ್ರ ಕುರ್‌ಆನ್ ಹೇಳುವ ಚರಿತ್ರೆಯಲ್ಲಿಯೂ ಪ್ರವಾದಿ(ಸ)ರವರ ಕಾಲದ ಚರಿತ್ರೆಯಲ್ಲಿಯೂ ನಮ್ಮದೇ ಕಲ್ಯಾಣ ಕರ್ನಾಟಕದ ಸಮೀಪದ ಚರಿತ್ರೆಯಲ್ಲಿಯೂ ಉತ್ತರವನ್ನು ಹುಡುಕಲು ಇಲ್ಲಿ ಪ್ರಯತ್ನಿಸಿದ್ದೇವೆ.

ಈಮಾನನ್ನು ಮರೆಮಾಚಿದ್ದವನು

ಕುರ್‌ಆನಿನ 40ನೆಯ ಅಧ್ಯಾಯಕ್ಕೆ ‘ಅಲ್‌ಮುಅ್‌ಮಿನ್’ ಎಂಬ ಹೆಸರೂ ಇದೆ. ಆ ಹೆಸರು ಬಂದದ್ದು ಒಬ್ಬ ಪ್ರವಾದಿಯಿಂದಲ್ಲ, ಒಬ್ಬ ರಾಜನಿಂದಲೂ ಅಲ್ಲ. ಫಿರ್‌ಔನನ ಮನೆತನಕ್ಕೆ ಸೇರಿದ, ಹೆಸರನ್ನೇ ಹೇಳದ ಒಬ್ಬ ವಿಶ್ವಾಸಿಯಿಂದ. ಆತನು ತನ್ನ ಈಮಾನನ್ನು ಮರೆಮಾಚಿಕೊಂಡಿದ್ದನು ಎಂಬುದನ್ನು ಕುರ್‌ಆನ್ ಸ್ಪಷ್ಟವಾಗಿ ಹೇಳುತ್ತದೆ. ಅರಮನೆಯಲ್ಲಿ ಉಣ್ಣುತ್ತ, ದರ್ಬಾರಿನಲ್ಲಿ ಕುಳಿತುಕೊಳ್ಳುತ್ತ, ತನ್ನ ಹೃದಯದ ಮಾತನ್ನು ತುಟಿಗೆ ತಾರದೆ ಆತನು ಬದುಕಿದ್ದನು. ತನ್ನ ವಿಶ್ವಾಸವನ್ನು ಸಾರುವ ಧೈರ್ಯ ಅಲ್ಲಿಯವರೆಗೆ ಆತನಿಗೆ ಬಂದಿರಲಿಲ್ಲ. ಅದಕ್ಕಾಗಿ ಕುರ್‌ಆನ್ ಆತನನ್ನು ನಿಂದಿಸುವುದಿಲ್ಲ.

ಒಂದು ದಿನ ಅದೇ ದರ್ಬಾರಿನಲ್ಲಿ ಪ್ರವಾದಿ ಮೂಸಾ(ಅ)ರನ್ನು ಕೊಲ್ಲುವ ಮಾತು ಬಂತು. ಆಗ ಆ ಮೌನ ಒಡೆಯಿತು. ಅಲ್ಲಾಹನೇ ನನ್ನ ಪ್ರಭು ಎಂದ ಮಾತ್ರಕ್ಕೆ ಒಬ್ಬ ಮನುಷ್ಯನನ್ನು ಕೊಲ್ಲುತ್ತೀರಾ ಎಂದು ಆತನು ಫಿರ್‌ಔನನ ಮುಂದೆಯೇ ಕೇಳಿದನು. ಅಷ್ಟಕ್ಕೇ ನಿಲ್ಲದೆ, ಹಿಂದಿನ ಜನಾಂಗಗಳಿಗೆ ಆದ ಗತಿಯನ್ನು ನೆನಪಿಸಿ, ಪರಲೋಕವನ್ನು ನೆನಪಿಸಿ, ದೀರ್ಘವಾಗಿ ಮಾತನಾಡಿದನು. ಇಷ್ಟು ದಿನ ತನಗಾಗಿ ಒಂದು ಮಾತನ್ನೂ ಆಡದವನು, ಇನ್ನೊಬ್ಬರ ಪ್ರಾಣಕ್ಕೆ ಸಂಚಕಾರ ಬಂದಾಗ ಎಲ್ಲ ಮಾತನ್ನೂ ಆಡಿದನು. ಅಲ್ಲಾಹನು ಆತನನ್ನು ಅವರ ಕುತಂತ್ರದ ಕೇಡುಗಳಿಂದ ರಕ್ಷಿಸಿದನು ಎಂದು ಕುರ್‌ಆನ್ ತಿಳಿಸುತ್ತದೆ.

ಮೂಸಾ(ಅ)ರ ಬದುಕಿನಲ್ಲಿಯೂ ಇದೇ ಗುಣ ಕಾಣುತ್ತದೆ. 28ನೆಯ ಅಧ್ಯಾಯವಾದ ‘ಅಲ್‌ಕಸಸ್’ನಲ್ಲಿ ಅವರು ತಮ್ಮ ಪ್ರಾಣಕ್ಕಾಗಿ ಅಂಜಿ, ಹಿಂದೆ ಮುಂದೆ ನೋಡುತ್ತ ಈಜಿಪ್ಟಿನ ನಗರದಿಂದ ಹೊರಟದ್ದನ್ನು ಓದುತ್ತೇವೆ. ಮದ್‌ಯನಿನ ಬಾವಿಯ ಬಳಿಗೆ ಬಂದಾಗ ಅವರು ದಿಕ್ಕಿಲ್ಲದ ಪರದೇಶಿ. ಆದರೂ ಕುರಿಗಾಹಿಗಳ ಗುಂಪಿನಿಂದ ದೂರ ಸರಿದು ನಿಂತಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಕಂಡು, ನಿಮ್ಮ ಸಮಸ್ಯೆಯೇನು ಎಂದು ವಿಚಾರಿಸಿ, ಅವರ ಕುರಿಗಳಿಗೆ ನೀರು ಕುಡಿಸಿದರು. ಆ ಬಳಿಕವೇ ನೆರಳಿಗೆ ಹೋಗಿ, ತಮಗೆ ಬೇಕಾದದ್ದನ್ನು ಅಲ್ಲಾಹನ ಬಳಿ ಕೇಳಿದರು. ತಮ್ಮ ಪ್ರಾಣದ ಭಯ ಅವರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ಅವರ ಆಶ್ರಯದಾತರಾದ ಹಿರಿಯರು, ಇನ್ನು ಅಂಜಬೇಡ ಎಂದು ಹೇಳಿದ್ದು ಅನಂತರ. ಅಂದರೆ ಭಯ ತೀರಿದ ಮೇಲೆ ಧೈರ್ಯ ಬರುತ್ತದೆ ಎಂಬುದು ನಿಯಮವಲ್ಲ. ಭಯ ಇರುವಾಗಲೇ, ಇನ್ನೊಬ್ಬರ ಕಷ್ಟ ಕಣ್ಣಿಗೆ ಬಿದ್ದೊಡನೆ, ಧೈರ್ಯ ಬರಬಲ್ಲದು.

ಹಾಜರಾ(ಅ)ರ ವೃತ್ತಾಂತವಂತೂ ಹಜ್ಜ್ ಮತ್ತು ಉಮ್ರಾ ಮಾಡಿದ ಪ್ರತಿಯೊಬ್ಬರ ಕಾಲುಗಳಿಗೂ ಗೊತ್ತು. ನಿರ್ಜನ ಕಣಿವೆಯಲ್ಲಿ ತಮ್ಮನ್ನು ಬಿಟ್ಟು ಹೊರಟ ಇಬ್ರಾಹೀಮ್(ಅ)ರಿಗೆ ಅವರು ಕೇಳಿದ್ದು, ಇದು ಅಲ್ಲಾಹನ ಆಜ್ಞೆಯೇ ಎಂದು ಮಾತ್ರ. ಹೌದು ಎಂಬ ಉತ್ತರ ಬಂದಾಗ, ಹಾಗಾದರೆ ಅವನು ನಮ್ಮನ್ನು ಕೈಬಿಡಲಾರ ಎಂದು ಹಿಂದಿರುಗಿದರು. ನೀರು ತೀರಿತು, ಕೂಸು ಬಾಯಾರಿ ಹೊರಳಾಡತೊಡಗಿತು. ಆ ದೃಶ್ಯವನ್ನು ನೋಡಲಾರದೆ ಹಾಜರಾ(ಅ) ಎದ್ದರು ಎಂದು ಸಹೀಹ್ ಬುಖಾರಿಯ ವರದಿಯಲ್ಲಿದೆ. ಸಫಾ ಮತ್ತು ಮರ್ವಾಗಳ ನಡುವೆ ಏಳು ಬಾರಿ ಅವರು ಓಡಾಡಿದರು. ಬಾಯಾರಿಕೆ ಅವರಿಗೂ ಇತ್ತು. ಅವರನ್ನು ಎಬ್ಬಿಸಿದ್ದು ಮಗುವಿನ ಬಾಯಾರಿಕೆ. ಒಬ್ಬ ತಾಯಿಯ ಆ ಓಟವನ್ನು ಅಲ್ಲಾಹನು ಲೋಕಾಂತ್ಯದವರೆಗಿನ ಮುಸಲ್ಮಾನರಿಗೆ ಆರಾಧನೆಯಾಗಿ ಮಾಡಿದನು. ತನ್ನವರಿಗಾಗಿ ಹುಟ್ಟುವ ಧೈರ್ಯವನ್ನು ಇಸ್ಲಾಮ್ ಎಷ್ಟು ಗೌರವಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಮಕ್ಕಾದಲ್ಲಿ ಅದೇ ಮಾತು

ಫಿರ್‌ಔನನ ದರ್ಬಾರಿನಲ್ಲಿ ಕೇಳಿಬಂದ ಪ್ರಶ್ನೆ ಶತಮಾನಗಳ ನಂತರ ಕಅಬಾದ ಅಂಗಳದಲ್ಲಿ ಮತ್ತೊಮ್ಮೆ ಕೇಳಿಬಂತು. ಪ್ರವಾದಿ(ಸ)ರವರು ನಮಾಝ್ ಮಾಡುತ್ತಿದ್ದಾಗ ಉಕ್ಬಾ ಬಿನ್ ಅಬೀ ಮುಐತ್ ಎಂಬವನು ಬಟ್ಟೆಯನ್ನು ಅವರ ಕೊರಳಿಗೆ ಸುತ್ತಿ ಬಿಗಿದನು. ಹಝ್ರತ್ ಅಬೂಬಕರ್(ರ) ಧಾವಿಸಿ ಬಂದು ಅವನ ಭುಜ ಹಿಡಿದು ತಳ್ಳಿದರು. ಆ ವಿಶ್ವಾಸಿಯ ಬಾಯಿಂದ ಬಂದ ಅದೇ ಮಾತನ್ನು ಹೇಳಿದರು.

ಕ್ರಿ.ಶ. 622ರಲ್ಲಿ ಹಿಜ್ರತ್ ಹೊರಟಾಗಲೂ ಅವರ ಮನಸ್ಸು ಹೀಗೆಯೇ ಇತ್ತು. ಸೌರ್ ಗುಹೆಯ ಹಾದಿಯಲ್ಲಿ ಅವರು ಒಮ್ಮೆ ಪ್ರವಾದಿ(ಸ)ರವರ ಮುಂದೆ, ಒಮ್ಮೆ ಹಿಂದೆ ನಡೆಯುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಹಿಂದಿನಿಂದ ಶತ್ರು ಬಂದಾನೆಂಬ ಯೋಚನೆ ಬಂದರೆ ಹಿಂದೆ, ಮುಂದೆ ಹೊಂಚು ಹಾಕಿದ್ದಾನೆಂಬ ಯೋಚನೆ ಬಂದರೆ ಮುಂದೆ. ಗುಹೆಯ ಬಾಯಿಗೆ ಶತ್ರುಗಳು ಬಂದು ನಿಂತಾಗ ಪ್ರವಾದಿ(ಸ)ರವರು ತಮ್ಮ ಸಂಗಾತಿಗೆ ನೀಡಿದ ಸಾಂತ್ವನವನ್ನು ಕುರ್‌ಆನ್ 9ನೆಯ ಅಧ್ಯಾಯದಲ್ಲಿ ಸ್ಮರಿಸುತ್ತದೆ. ಅಲ್ಲಿ ಬಳಕೆಯಾಗಿರುವ ಪದವು ಭಯವನ್ನು ಸೂಚಿಸುವ ‘ಖೌಫ್’ ಅಲ್ಲ, ದುಃಖವನ್ನು ಸೂಚಿಸುವ ‘ಹುಝ್ನ್’. ಅಬೂಬಕರ್(ರ) ತಮ್ಮ ಪ್ರಾಣಕ್ಕಾಗಿ ಹೆದರಿರಲಿಲ್ಲ. ಪ್ರವಾದಿ(ಸ)ರವರಿಗೆ ಏನಾದೀತೋ ಎಂದು ಮರುಗಿದ್ದರು ಎಂದು ವಿದ್ವಾಂಸರು ಈ ಪದದಿಂದ ಅರ್ಥ ತೆಗೆದಿದ್ದಾರೆ.

ಫಾತಿಮಾ ಬಿಂತ್ ಖತ್ತಾಬ್(ರ)ರ ಪ್ರಸಂಗವನ್ನೂ ನೆನೆಯೋಣ. ಅವರೂ ಅವರ ಪತಿ ಸಈದ್ ಬಿನ್ ಝೈದ್(ರ)ರೂ ತಮ್ಮ ಇಸ್ಲಾಮನ್ನು ಸಹೋದರ ಉಮರ್‌ರಿಂದ ಮುಚ್ಚಿಟ್ಟಿದ್ದರು. ಉಮರ್ ಬಾಗಿಲಿಗೆ ಬಂದಾಗ ಕುರ್‌ಆನ್ ಬರೆದಿದ್ದ ಹಾಳೆಯನ್ನು ಬಚ್ಚಿಟ್ಟರು. ಇದು ಅಂಜಿಕೆಯೇ, ಅಣ್ಣನ ಕೋಪವನ್ನು ಬಲ್ಲ ತಂಗಿಯ ಸಹಜ ಅಂಜಿಕೆ. ಆದರೆ ಉಮರ್ ಸಈದ್‌ರ ಮೇಲೆ ಕೈಮಾಡಿದಾಗ ಫಾತಿಮಾ(ರ) ನಡುವೆ ಬಂದು ನಿಂತರು. ಏಟು ಅವರಿಗೆ ಬಿತ್ತು, ರಕ್ತ ಹರಿಯಿತು. ಹೌದು, ನಾವು ಮುಸಲ್ಮಾನರಾಗಿದ್ದೇವೆ, ಏನು ಮಾಡುವೆಯೋ ಮಾಡು ಎಂಬ ಮಾತು ಹೊರಬಂದದ್ದು ಆಗ. ಆ ರಕ್ತವನ್ನು ನೋಡಿ ಉಮರ್(ರ)ರ ಮನಸ್ಸು ಕರಗಿತು. ಇಸ್ಲಾಮಿನ ಎರಡನೆಯ ಖಲೀಫರ ಬದುಕು ತಿರುಗಿದ್ದು, ಗಂಡನಿಗೆ ಅಡ್ಡವಾಗಿ ನಿಂತ ಒಬ್ಬ ಹೆಣ್ಣುಮಗಳ ಧೈರ್ಯದಿಂದ.

ಉಹುದ್ ಯುದ್ಧದಲ್ಲಿ ಗಾಯಾಳುಗಳಿಗೆ ನೀರು ಕೊಡಲು ಬಂದಿದ್ದ ಉಮ್ಮು ಉಮಾರಾ ನುಸೈಬಾ(ರ), ಪ್ರವಾದಿ(ಸ)ರವರ ಸುತ್ತ ಕೆಲವೇ ಜನರು ಉಳಿದದ್ದನ್ನು ಕಂಡು ನೀರಿನ ಚೀಲವನ್ನು ಇಟ್ಟು ಖಡ್ಗ ಹಿಡಿದರು. ಭುಜದ ಮೇಲಿನ ಆಳವಾದ ಗಾಯ ಬಹುಕಾಲ ಮಾಯಲಿಲ್ಲ. ಈ ಎಲ್ಲ ಪ್ರಸಂಗಗಳಲ್ಲಿ ಧೈರ್ಯವು ಮೊದಲೇ ಕೂಡಿಟ್ಟ ಸಂಪತ್ತಾಗಿರಲಿಲ್ಲ. ಪ್ರೀತಿಪಾತ್ರರ ಮೇಲೆ ಕೈ ಎತ್ತಿದ ಕ್ಷಣದಲ್ಲಿ ಅಲ್ಲಾಹನು ಅದನ್ನು ದಯಪಾಲಿಸಿದನು.

ನಮ್ಮ ನೆಲದ 1948

ಈಗ ಅರಬ್ ನಾಡಿನಿಂದ ನಮ್ಮ ಸೀಮೆಗೆ ಬರೋಣ. ಘಾಟಬೋರಾಳ, ಹುಮನಾಬಾದ್, ಕಲ್ಯಾಣಗಳೆಲ್ಲ ಆಗ ನಿಝಾಮರ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. 1947ರಲ್ಲಿ ದೇಶ ಸ್ವತಂತ್ರವಾದರೂ ಸಂಸ್ಥಾನ ಭಾರತಕ್ಕೆ ಸೇರಿರಲಿಲ್ಲ. ಕಾಸಿಮ್ ರಝ್ವಿಯ ನಾಯಕತ್ವದ ರಝಾಕಾರರು ಹಳ್ಳಿಗಳ ಮೇಲೆ ನಡೆಸಿದ ದೌರ್ಜನ್ಯಗಳು ಆ ವರ್ಷದ ಕರಾಳ ಅಧ್ಯಾಯ. 1948ರ ಮೇ ತಿಂಗಳಲ್ಲಿ ಕಲ್ಯಾಣದ ಸೀಮೆಯ ಗೋರ್ಟಾ ಗ್ರಾಮದಲ್ಲಿ ಅಮಾಯಕರ ರಕ್ತ ಹರಿಯಿತು. ಇದನ್ನು ಮರೆಮಾಚಿ ನಾವು ಇತಿಹಾಸ ಬರೆದರೆ ಅದು ಸಾಕ್ಷ್ಯವನ್ನು ಬಚ್ಚಿಟ್ಟಂತೆ. ಸಾಕ್ಷ್ಯ ಬಚ್ಚಿಡುವುದು ನಮ್ಮ ಧರ್ಮದಲ್ಲಿ ಪಾಪ.

ಆ ದಿನಗಳಲ್ಲಿ ಹೈದರಾಬಾದಿನಲ್ಲಿ ಶುಐಬುಲ್ಲಾ ಖಾನ್ ಎಂಬ ತರುಣ ಪತ್ರಕರ್ತರಿದ್ದರು. ‘ಇಮ್ರೋಝ್’ ಎಂಬ ಉರ್ದು ಪತ್ರಿಕೆಯ ಸಂಪಾದಕರು. ಇನ್ನೂ ಮೂವತ್ತು ತುಂಬಿರಲಿಲ್ಲ. ರಝಾಕಾರರ ಹಿಂಸೆಯನ್ನು ಖಂಡಿಸಿ, ಸಂಸ್ಥಾನವು ಭಾರತವನ್ನು ಸೇರಬೇಕೆಂದು ಅವರು ಬರೆದರು. ಬೆದರಿಕೆಗಳು ಬಂದರೂ ಲೇಖನಿ ಕೆಳಗಿಡಲಿಲ್ಲ. ಅವರು ಸುಮ್ಮನಿದ್ದಿದ್ದರೆ ಒಬ್ಬ ಮುಸಲ್ಮಾನನಾಗಿ ಅವರಿಗೆ ರಝಾಕಾರರಿಂದ ಯಾವ ಕೇಡೂ ಆಗುತ್ತಿರಲಿಲ್ಲ. ಅವರು ಬರೆದದ್ದು ತನ್ನ ನೆರೆಹೊರೆಯವರಿಗಾಗಿ. 1948ರ ಆಗಸ್ಟ್ 21–22ರ ನಡುರಾತ್ರಿ, ಪತ್ರಿಕಾ ಕಚೇರಿಯಿಂದ ಮನೆಗೆ ಮರಳುವಾಗ ಅವರ ಮೇಲೆ ದಾಳಿಯಾಯಿತು. ಬರೆಯುವ ಕೈಯನ್ನೇ ಕಡಿದರು, ಅವರು ಬದುಕಲಿಲ್ಲ. ಅವರ ಜೊತೆಗಿದ್ದ ಬಂಧು ಇಸ್ಮಾಯಿಲ್ ಖಾನ್ ಕೂಡ ತೀವ್ರವಾಗಿ ಗಾಯಗೊಂಡರು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ನಮ್ಮ ಹಿರಿಯರು ‘ಪೊಲೀಸ್ ಆ್ಯಕ್ಷನ್’ ಎಂದು ಕರೆಯುವ ಘಟನೆ ಇದು. ಸೊಲ್ಲಾಪುರದಿಂದ ಹೊರಟ ಮುಖ್ಯ ದಳವು ನಳದುರ್ಗ, ರಾಜೇಶ್ವರ, ಝಹೀರಾಬಾದ್ ಮಾರ್ಗವಾಗಿ ಹೈದರಾಬಾದಿನತ್ತ ಸಾಗಿತು. ಆ ಹಾದಿ ಹುಮನಾಬಾದಿನ ಸೀಮೆಯದೇ. ಸೆಪ್ಟೆಂಬರ್ 17ರಂದು ನಿಝಾಮರು ಕದನವಿರಾಮ ಘೋಷಿಸಿದರು. ಸೈನಿಕ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿಯಿತು. ಹಳ್ಳಿಗಳಲ್ಲಿ ಸಾವು ಮುಗಿಯಲಿಲ್ಲ. ರಝಾಕಾರರು ಮಾಡಿದ ಪಾಪದ ಲೆಕ್ಕವನ್ನು, ರಝಾಕಾರರ ಮುಖವನ್ನೂ ಕಂಡಿರದ ನೇಕಾರರು, ರೈತರು, ಕೂಲಿಗಾರರು ತೀರಿಸಬೇಕಾಯಿತು.

ಈ ಹಿಂಸೆಯನ್ನು ತಿಳಿಯಲು ಭಾರತ ಸರಕಾರವು ಪಂಡಿತ್ ಸುಂದರಲಾಲ್‌ರ ನೇತೃತ್ವದಲ್ಲಿ ಸದ್ಭಾವನಾ ನಿಯೋಗವೊಂದನ್ನು ಕಳಿಸಿತು. ಕಾಝಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರ ಇತರ ಸದಸ್ಯರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿದರು. ಒಟ್ಟು 27 ಸಾವಿರದಿಂದ 40 ಸಾವಿರ ಜನರು ಪ್ರಾಣ ಕಳೆದುಕೊಂಡಿರಬಹುದೆಂಬುದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಾಗಿ ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿದೆ. ನಾವು ನಮ್ಮ ಮಕ್ಕಳಿಗೆ ಅದನ್ನೂ ಹೇಳಬೇಕು. ಹಲವೆಡೆ ಹಿಂದೂಗಳು ತಮ್ಮ ಮುಸ್ಲಿಮ್ ನೆರೆಹೊರೆಯವರನ್ನು, ಗಂಡಸರನ್ನೂ ಹೆಂಗಸರನ್ನೂ, ತಮ್ಮ ಪ್ರಾಣವನ್ನೇ ಕೊಟ್ಟು ಕಾಪಾಡಿದರು. ಒಂದೇ ಕಸುಬಿನವರ ನಡುವಿನ ನಂಟು ವಿಶೇಷವಾಗಿ ಎದ್ದುಕಾಣುತ್ತಿತ್ತು ಎನ್ನುತ್ತದೆ ವರದಿ. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಮ್ ನೇಕಾರರ ಪರವಾಗಿ ತಮ್ಮದೇ ಧರ್ಮದ ದಾಳಿಕೋರರ ಎದುರು ನಿಂತರು. ಕೆಲವರು ಜೀವ ತೆತ್ತರು. ಅಪಹರಣಕ್ಕೊಳಗಾದ ಮುಸ್ಲಿಮ್ ಹೆಣ್ಣುಮಕ್ಕಳನ್ನು ಮರಳಿ ಪಡೆಯಲು ಅನೇಕ ಹಿಂದೂಗಳು ನೆರವಾದರು. ಆ ನೇಕಾರರು ತಮ್ಮ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರೆ ಅವರಿಗೆ ಯಾವ ಅಪಾಯವೂ ಇರಲಿಲ್ಲ. ಪಕ್ಕದ ಮಗ್ಗದ ಸದ್ದು ನಿಂತುಹೋಗುವುದನ್ನು ಅವರು ಸಹಿಸಲಿಲ್ಲ. ‘ತಮ್ಮವರು’ ಎಂಬ ಮಾತಿನೊಳಗೆ ಅವರು ಇನ್ನೊಂದು ಧರ್ಮದವರನ್ನೂ ಸೇರಿಸಿಕೊಂಡಿದ್ದರು. ಶುಐಬುಲ್ಲಾ ಖಾನರೂ ಹಾಗೆಯೇ ಸೇರಿಸಿಕೊಂಡಿದ್ದರು.

ತಮ್ಮವರು ಎಂದರೆ ಯಾರು?

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರಝಾಕಾರರನ್ನು ಕೇಳಿದ್ದರೆ ಅವರೂ ನಾವು ನಮ್ಮವರಿಗಾಗಿ ಹೋರಾಡುತ್ತಿದ್ದೇವೆ ಎನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಪಂಜು ಹಿಡಿದು ಬಂದವರೂ ಅದನ್ನೇ ಹೇಳುತ್ತಿದ್ದರು. ಆದ್ದರಿಂದ ತನ್ನವರಿಗಾಗಿ ಬರುವ ಧೈರ್ಯವು ತನ್ನಷ್ಟಕ್ಕೆ ಪುಣ್ಯವಲ್ಲ. ನ್ಯಾಯದ ಹದ್ದು ದಾಟಿದರೆ ಅದು ‘ಅಸಬಿಯ್ಯತ್’, ಅಂದರೆ ಕುರುಡು ಪಕ್ಷಪಾತ. ಕುರ್‌ಆನಿನ 4ನೆಯ ಅಧ್ಯಾಯವಾದ ‘ಅನ್ನಿಸಾ’ ವಿಶ್ವಾಸಿಗಳಿಗೆ, ನಿಮ್ಮ ವಿರುದ್ಧವಾಗಿದ್ದರೂ, ಹೆತ್ತವರ ಮತ್ತು ಬಂಧುಗಳ ವಿರುದ್ಧವಾಗಿದ್ದರೂ ನ್ಯಾಯಕ್ಕೇ ಸಾಕ್ಷಿಗಳಾಗಿರಿ ಎಂದು ಆದೇಶಿಸುತ್ತದೆ. ಸಹೋದರನು ಅಕ್ರಮಿಯಾಗಿದ್ದರೂ ಮರ್ದಿತನಾಗಿದ್ದರೂ ಅವನಿಗೆ ನೆರವಾಗಬೇಕೆಂದು ಪ್ರವಾದಿ(ಸ)ರವರು ಹೇಳಿದಾಗ ಸಹಾಬಿಗಳು ಬೆರಗಾಗಿ, ಅಕ್ರಮಿಗೆ ನೆರವಾಗುವುದು ಹೇಗೆ ಎಂದು ಕೇಳಿದರು. ಅವನ ಕೈಯನ್ನು ಅಕ್ರಮದಿಂದ ತಡೆಯುವುದೇ ಅವನಿಗೆ ಮಾಡುವ ನೆರವು ಎಂಬುದು ಅವರ ಉತ್ತರದ ಸಾರ. ಶುಐಬುಲ್ಲಾ ಖಾನರು ಲೇಖನಿಯಿಂದ ಮಾಡಿದ್ದು ಈ ನೆರವನ್ನೇ.

ತನ್ನ ಪರವಾಗಿ ಒಂದು ಮಾತು

1948ರ ನಂತರದ ಮೌನದ ಬಗೆಗೂ ಹೇಳಬೇಕಾದದ್ದಿದೆ. ಸುಂದರಲಾಲ್ ನಿಯೋಗದ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯದಲ್ಲಿ ಅದು ಜನರ ಓದಿಗೆ ದೊರೆಯುವ ಸುದ್ದಿ ವ್ಯಾಪಕವಾಗಿ ತಿಳಿದದ್ದು 2013ರಲ್ಲಿ, ಅರವತ್ತೈದು ವರ್ಷಗಳ ನಂತರ. ನಮ್ಮ ಮನೆಗಳಲ್ಲಿಯೂ ಒಂದು ಮೌನವಿತ್ತು. ದಾದಿ, ನಾನಿಯರು ಮದುವೆ ಮತ್ತು ಹುಟ್ಟುಗಳನ್ನು ‘ಪೊಲೀಸ್ ಆ್ಯಕ್ಷನ್‌ಗೆ ಮುಂಚೆ’, ‘ಆಮೇಲೆ’ ಎಂದು ಎಣಿಸುತ್ತಿದ್ದರು. ಆ ದಿನಗಳಲ್ಲಿ ನಡೆದದ್ದೇನು ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಬೆಳೆದು ನಿಂತ ಜೋಳದ ಹೊಲಗಳ ನಡುವೆ ನಡೆದುಹೋಗಲು ಧೈರ್ಯವಿದ್ದವರಿಗೆ, ತಮ್ಮ ನೋವನ್ನು ಹೇಳಿಕೊಳ್ಳಲು ಧೈರ್ಯವಿರಲಿಲ್ಲ. ಮಕ್ಕಳು ಭಯವನ್ನೂ ದ್ವೇಷವನ್ನೂ ಉಂಡು ಬೆಳೆಯಬಾರದೆಂಬ ಪ್ರೀತಿಯೇ ಆ ಬಾಯಿಗಳನ್ನು ಮುಚ್ಚಿಸಿರಬೇಕು. ಆ ಪ್ರೀತಿಗೆ ನಾವು ಋಣಿಗಳು. ಆದರೂ ಆ ಮೌನದಲ್ಲಿ ವಿಧವೆಯ ಹಕ್ಕು, ಅನಾಥನ ಪಾಲು, ಕೇಳಬೇಕಾಗಿದ್ದ ಎಷ್ಟೋ ನ್ಯಾಯ ಕೇಳದೆಯೇ ಉಳಿದುಹೋಯಿತೆಂಬುದನ್ನು ಅಲ್ಲಗಳೆಯಲಾಗದು.

ತನಗಾಗಿ ಮಾತಾಡುವುದು ಸ್ವಾರ್ಥವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹೆಣ್ಣುಮಕ್ಕಳಲ್ಲಂತೂ ಇನ್ನೂ ಆಳವಾಗಿ. ಪ್ರವಾದಿ(ಸ)ರವರ ಮದೀನಾ ಹಾಗಿರಲಿಲ್ಲ. ಖೌಲಾ ಬಿಂತ್ ಸಅ್‌ಲಬಾ(ರ)ರಿಗೆ ಪತಿ ಔಸ್ ಬಿನ್ ಸಾಮಿತ್(ರ) ಕೋಪದಲ್ಲಿ ‘ಝಿಹಾರ್’ ಹೇಳಿದರು. ಹೆಂಡತಿಯನ್ನು ತಾಯಿಗೆ ಹೋಲಿಸಿ ತನಗೆ ನಿಷಿದ್ಧಗೊಳಿಸುವ ಹಳೆಯ ರೂಢಿ ಅದು. ಖೌಲಾ(ರ) ಸುಮ್ಮನಾಗಲಿಲ್ಲ. ಪ್ರವಾದಿ(ಸ)ರವರ ಬಳಿಗೆ ಬಂದು ವಾದಿಸಿದರು, ಅಲ್ಲಾಹನಿಗೆ ಮೊರೆಯಿಟ್ಟರು. 58ನೆಯ ಅಧ್ಯಾಯವು ಅಲ್ಲಾಹನು ಆಕೆಯ ಮಾತನ್ನು ಆಲಿಸಿದನು ಎಂದೇ ಆರಂಭವಾಗುತ್ತದೆ. ‘ಅಲ್‌ಮುಜಾದಲಾ’ ಎಂಬ ಅದರ ಹೆಸರಿಗೂ ಆಕೆಯ ವಾದವೇ ಕಾರಣ. ವರ್ಷಗಳ ನಂತರ ಖಲೀಫ ಉಮರ್(ರ)ರನ್ನು ಆ ವೃದ್ಧೆ ದಾರಿಯಲ್ಲಿ ತಡೆದು ನಿಲ್ಲಿಸಿದಾಗ, ಏಳು ಆಕಾಶಗಳ ಮೇಲಿನಿಂದ ಅಲ್ಲಾಹನು ಆಲಿಸಿದ ಮಾತನ್ನು ತಾನು ಆಲಿಸದಿರುವುದು ಹೇಗೆ ಎಂದು ಅವರು ನಿಂತು ಕೇಳಿದರೆಂಬ ವರದಿಯಿದೆ.

ಖನ್ಸಾ ಬಿಂತ್ ಖಿಝಾಮ್(ರ) ತನ್ನ ಒಪ್ಪಿಗೆಯಿಲ್ಲದೆ ತಂದೆ ಮಾಡಿದ ವಿವಾಹದ ವಿರುದ್ಧ ದೂರು ತಂದಾಗ ಪ್ರವಾದಿ(ಸ)ರವರು ಆ ವಿವಾಹವನ್ನು ರದ್ದುಗೊಳಿಸಿದರು. ದಾಸ್ಯದಿಂದ ಬಿಡುಗಡೆ ಹೊಂದಿದ ಬರೀರಾ(ರ)ರಿಗೆ ಪತಿ ಮುಗೀಸ್‌ರ ಬಳಿಗೆ ಮರಳಲು ಪ್ರವಾದಿ(ಸ)ರವರು ಸೂಚಿಸಿದಾಗ, ಇದು ತಮ್ಮ ಆಜ್ಞೆಯೇ ಎಂದು ಆಕೆ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂದಾಗ ಆಕೆ ವಿನಯದಿಂದ ನಿರಾಕರಿಸಿದರು. ಅವರ ಮೇಲೆ ಯಾರೂ ಕೋಪಿಸಿಕೊಳ್ಳಲಿಲ್ಲ.

ಸಲ್ಮಾನ್ ಫಾರಿಸಿ(ರ) ತಮ್ಮ ಸಹೋದರ ಅಬೂದರ್ದಾ(ರ)ರಿಗೆ ಹೇಳಿದ ಬುದ್ಧಿಮಾತೂ ಇದನ್ನೇ ತಿಳಿಸುತ್ತದೆ. ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ಮನೆಯನ್ನೂ ದೇಹವನ್ನೂ ಮರೆತಿದ್ದ ಅವರಿಗೆ, ಪ್ರಭುವಿಗೆ ನಿನ್ನ ಮೇಲೆ ಹಕ್ಕಿರುವಂತೆ ನಿನಗೂ ನಿನ್ನ ಮೇಲೆ ಹಕ್ಕಿದೆ, ನಿನ್ನ ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನು ಅವರಿಗೆ ಸಲ್ಲಿಸು ಎಂಬ ಅರ್ಥದಲ್ಲಿ ಅವರು ಹೇಳಿದರು. ಸಲ್ಮಾನ್ ಸತ್ಯವನ್ನೇ ಹೇಳಿದ್ದಾರೆ ಎಂದು ಪ್ರವಾದಿ(ಸ)ರವರು ಅನುಮೋದಿಸಿದರು.

ಇನ್ನೊಂದು ಹದೀಸ್ ಇದೆ. ತನ್ನ ಸೊತ್ತನ್ನು, ತನ್ನ ಧರ್ಮವನ್ನು, ತನ್ನ ಪ್ರಾಣವನ್ನು, ತನ್ನ ಮನೆಯವರನ್ನು ರಕ್ಷಿಸುತ್ತ ಸತ್ತವನು ಹುತಾತ್ಮನೆಂದು ಅದು ಹೇಳುತ್ತದೆ. ತನ್ನ ಪ್ರಾಣ ಮತ್ತು ತನ್ನ ಮನೆಯವರ ಪ್ರಾಣವನ್ನು ಅದು ಒಂದೇ ಸಾಲಿನಲ್ಲಿ ಇರಿಸುತ್ತದೆ. ಈ ಹದೀಸನ್ನು ನಮಗೆ ತಲುಪಿಸಿದ ಸಹಾಬಿ ಯಾರು ಗೊತ್ತೇ? ಸಈದ್ ಬಿನ್ ಝೈದ್(ರ). ಅಂದು ಫಾತಿಮಾ(ರ) ಯಾರಿಗಾಗಿ ಅಡ್ಡ ನಿಂತು ರಕ್ತ ಸುರಿಸಿದರೋ ಅವರೇ.

ಇದರಿಂದ ನಾವು ಅರಿಯಬೇಕಾದದ್ದು ಸರಳವಾಗಿದೆ. ನಮ್ಮವರು ನಮಗೆ ಅಲ್ಲಾಹನು ಒಪ್ಪಿಸಿದ ಅಮಾನತ್. ಅವರಿಗಾಗಿ ಧೈರ್ಯ ಬೇಗ ಬರುವುದು ಅವನ ಕೃಪೆ, ಅದಕ್ಕಾಗಿ ನಾಚಬೇಕಿಲ್ಲ. ನೆರೆಯವನೂ ಅಮಾನತ್, ಅವನ ಧರ್ಮ ಬೇರೆಯಾದರೂ ಅವನಿಗಾಗಿ ಆ ಧೈರ್ಯವನ್ನು ವಿಸ್ತರಿಸಬೇಕು. ನಮ್ಮ ದೇಹ, ನಮ್ಮ ಮಾನ, ನಮ್ಮ ಹಕ್ಕು ಕೂಡ ಅಮಾನತ್; ನಮಗೆ ನಾವು ಮಾಲೀಕರಲ್ಲ, ಕಾವಲುಗಾರರು. ಮಗನ ಅರ್ಜಿಗಾಗಿ ಮೇಜಿನ ಮುಂದೆ ನಿಲ್ಲುವ ತಾಯಿಯು ತನ್ನನ್ನೂ ಅಲ್ಲಾಹನು ತನಗೇ ಒಪ್ಪಿಸಿದ ಒಂದು ಜೀವವೆಂದು ಕಂಡರೆ, ತನ್ನ ಎದೆನೋವಿಗಾಗಿ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಬಲ್ಲಳು.

ಅಲ್ಲಿಯವರೆಗೆ ಒಂದು ಹೊಣೆ ಮನೆಯ ಇತರರ ಮೇಲಿದೆ. ತನಗಾಗಿ ಬಾಯಿ ತೆರೆಯದವರ ಪರವಾಗಿ ಮೊದಲು ಬಾಯಿ ತೆರೆಯಬೇಕಾದವರು ನಾವು. ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಬಂದಾಗ ಅಮ್ಮೀಯ ಬಳಿ ಕುಳಿತು ಕೇಳೋಣ, ನೋವು ಎಲ್ಲಿದೆ ಎಂದು. ಮೊದಲ ಸಲ ಆಕೆ ಏನಿಲ್ಲ ಎನ್ನುತ್ತಾಳೆ. ಎರಡನೆಯ ಸಲವೂ ಕೇಳೋಣ. ಮರುದಿನ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಆಕೆಯ ಪಕ್ಕದಲ್ಲಿ ನಾವಿರೋಣ. ಊರಲ್ಲಿ ಇನ್ನೂ ಉಳಿದಿರುವ ಹಿರಿಯರ ಬಳಿಯೂ ಹೋಗೋಣ. ಅವರು ಹೇಳಲು ಒಪ್ಪಿದಷ್ಟನ್ನು, ದ್ವೇಷಕ್ಕಾಗಿ ಅಲ್ಲದೆ ನ್ಯಾಯದ ನೆನಪಿಗಾಗಿ, ಬರೆದಿಟ್ಟುಕೊಳ್ಳೋಣ. ಕೊಂದವರ ಕಥೆಯ ಜೊತೆಗೆ ಕಾಪಾಡಿದವರ ಕಥೆಯನ್ನೂ ತಪ್ಪದೆ ಬರೆಯೋಣ.

ಓ ನಮ್ಮ ಪ್ರಭೂ, ನಮ್ಮ ಪ್ರೀತಿಪಾತ್ರರಿಗಾಗಿ ನೀನು ನಮ್ಮ ಹೃದಯಗಳಲ್ಲಿಟ್ಟ ಧೈರ್ಯವನ್ನು ನ್ಯಾಯದ ಹದ್ದಿನೊಳಗೆ ಇರಿಸು. ನೆರೆಹೊರೆಯವರಿಗೂ ಅದನ್ನು ತಲುಪಿಸು. ನೀನು ನಮಗೊಪ್ಪಿಸಿದ ನಮ್ಮದೇ ಜೀವಗಳ ಹಕ್ಕನ್ನು ಸಲ್ಲಿಸಲು ನಮಗೆ ತೌಫೀಕ್ ಕೊಡು. ಆಮೀನ್.